ಎರಡೂವರೆ ತೊಲದ ಬಾಣ

ಸೆಪ್ಟೆಂಬರ್ ಮೊದಲ ವಾರ. ವಿಸ್ಕಾನ್ಸಿನ್ನಿನ ಜೋಳದ ಹೊಲಗಳು ಇನ್ನೂ ಹಸಿರಾಗಿದ್ದವು. ಮೇಪಲ್ ಮರಗಳಲ್ಲಿ ಒಂದೆರಡು ಕೊಂಬೆ ಮಾತ್ರ ಕೆಂಪಾಗತೊಡಗಿದ್ದವು. ಮಗಳ ಮನೆಗೆಂದು ಹೋಗಿದ್ದ ನಾನು ಸಂಜೆಯ ತಿರುಗಾಟ ಮುಗಿಸಿ ಬರುತ್ತಿದ್ದೆ. ಪಕ್ಕದ ಮನೆಯ ಗ್ಯಾರೇಜು ತೆರೆದಿತ್ತು. ಒಳಗೆ ದೀಪದ ಕೆಳಗೆ ಆ ಮನೆಯಾತ ಅಂಗೈಯಗಲದ ಒಂದು ತಕ್ಕಡಿಯ ಮೇಲೆ ಬಾಣಗಳನ್ನು ಒಂದೊಂದಾಗಿ ಇಟ್ಟು ತೂಗಿ, ಪಕ್ಕದ ಹಾಳೆಯಲ್ಲಿ ಅಂಕಿ ಬರೆಯುತ್ತಿದ್ದ. ಅವನ ಕೈಯ ಎಚ್ಚರ, ಉಸಿರು ಬಿಗಿಹಿಡಿದ ರೀತಿ, ಅಂಕಿ ನಿಲ್ಲುವ ತನಕ ಕಾಯುವ ತಾಳ್ಮೆ ಎಲ್ಲವೂ ನಮ್ಮೂರಿನ ಅಕ್ಕಸಾಲಿಯದ್ದೇ.

ಬೇಟೆಯನ್ನು ನಾನು ಮೆಚ್ಚುವವನಲ್ಲ. ಜಿಂಕೆಯ ರೂಪದಲ್ಲಿದ್ದ ಋಷಿಗೆ ಬಾಣ ಬಿಟ್ಟು ಶಾಪ ಹೊತ್ತ ಪಾಂಡುರಾಜನ ಕಥೆ ಕೇಳಿ ಬೆಳೆದವನು. ಆದರೆ ಮೂವತ್ತು ವರ್ಷ ಪಿಯು ಹುಡುಗರಿಗೆ ಭೌತಶಾಸ್ತ್ರ ಹೇಳಿದವನೂ ಹೌದು. ತೂಕ, ವೇಗ, ಸಂವೇಗ ಎಂದರೆ ಕಾಲು ಅಲ್ಲೇ ನಿಲ್ಲುತ್ತದೆ. ಆ ಸಂಜೆ ನಿಂತ ಕಾಲು ಮುಂದಿನ ಎರಡು ತಿಂಗಳು ಆ ಗ್ಯಾರೇಜಿಗೆ ಮತ್ತೆ ಮತ್ತೆ ಹೋಯಿತು. ಅಲ್ಲಿ ಕಲಿತದ್ದನ್ನು ಹೇಳಲೇಬೇಕು ಅನ್ನಿಸಿದ್ದು ಒಂದೇ ಕಾರಣಕ್ಕೆ. ಬಾಣದ ತೂಕದ ಲೆಕ್ಕ ಹೊರಗಿನಿಂದ ನೋಡಿದರೆ ಹವ್ಯಾಸಿಯ ಗೀಳಿನಂತೆ ಕಾಣುತ್ತದೆ. ಒಳಹೊಕ್ಕು ನೋಡಿದರೆ ಅದು ಒಂದು ಪ್ರಾಣಿ ಕೆಲವೇ ಸೆಕೆಂಡುಗಳಲ್ಲಿ ಸಾಯುತ್ತದೋ, ಎರಡು ದಿನ ನರಳುತ್ತದೋ ಎಂಬುದರ ಲೆಕ್ಕ.

ತಕ್ಕಡಿಯ ಮೇಲಿದ್ದ ಅಂಕಿ ಗ್ರಾಮಿನದಲ್ಲ, ಗ್ರೇನ್‌ನದು. ಗ್ರೇನ್ ಎಂದರೆ ಕಾಳು. ಬಾರ್ಲಿಯದೋ ಗೋಧಿಯದೋ ಒಂದು ಕಾಳಿನ ತೂಕದಿಂದ ಹುಟ್ಟಿದ ಮಾನ ಅದು. ನಮ್ಮ ಚಿನ್ನದಂಗಡಿಗಳಲ್ಲಿ ಗುಲಗಂಜಿ ಇದ್ದಂತೆಯೇ. ಒಂದು ಗ್ರೇನ್ ಎಂದರೆ 64.8 ಮಿಲಿಗ್ರಾಂ. 325 ಮಿಲಿಗ್ರಾಂನ ಆಸ್ಪಿರಿನ್ ಮಾತ್ರೆಗೆ ಆ ವಿಚಿತ್ರ ಸಂಖ್ಯೆ ಬಂದದ್ದೂ ಅದು ಹಳೆಯ ಲೆಕ್ಕದ ಐದು ಗ್ರೇನ್ ಆದ್ದರಿಂದ. ನಮಗೆ ಇನ್ನೂ ಹತ್ತಿರದ ನಂಟೊಂದಿದೆ. ಬ್ರಿಟಿಷರ ಕಾಲದಲ್ಲಿ ತೊಲವನ್ನು ನಿಗದಿ ಮಾಡಿದ್ದು 180 ಗ್ರೇನ್‌ಗೆ. ಆಗಿನ ಬೆಳ್ಳಿ ರೂಪಾಯಿಯ ತೂಕವೂ ಅಷ್ಟೇ. ಹಾಗಾಗಿ ನೆರೆಯಾತ 454 ಗ್ರೇನ್ ಎಂದು ಬರೆದುಕೊಂಡಾಗ ನನ್ನ ತಲೆಯಲ್ಲಿ ಮೂಡಿದ್ದು ಎರಡೂವರೆ ತೊಲ. ನನ್ನ ಅಜ್ಜಿಯ ಕಾಸಿನ ಸರಕ್ಕಿಂತ ಕಡಿಮೆ.

ಈ ಎರಡೂವರೆ ತೊಲ ಎಲ್ಲೆಲ್ಲಿ ಹಂಚಿಹೋಗಿದೆ ಎಂಬುದೇ ಇಡೀ ವಿದ್ಯೆ. ಬಾಣದ ಮೈ ಕಾರ್ಬನ್ ನಾರಿನ ಟೊಳ್ಳು ಕೊಳವೆ, ಅವರ ಬಾಯಲ್ಲಿ ಶಾಫ್ಟ್. ಅದನ್ನು ಅಂಗುಲಕ್ಕೆ ಇಷ್ಟು ಗ್ರೇನ್ ಎಂದು ಮಾರುತ್ತಾರೆ. ಅವನದ್ದು 28 ಅಂಗುಲ ಉದ್ದ, ಅಂಗುಲಕ್ಕೆ 9 ಗ್ರೇನ್, ಒಟ್ಟು 252. ಹಿಂದೆ ಹೆದೆಗೆ ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಕಚ್ಚು, ಅಂದರೆ ನಾಕ್, 9 ಗ್ರೇನ್. ಮೂರು ಗರಿಗಳು ಸೇರಿ 18. ಮುಂದೆ ಕೊಳವೆಯೊಳಗೆ ಅಂಟಿಸುವ, ಅಲಗನ್ನು ತಿರುಗಿಸಿ ಕೂರಿಸಲು ತಿರುಪು ಇರುವ ಲೋಹದ ತುಂಡಿಗೆ ಇನ್ಸರ್ಟ್ ಎನ್ನುತ್ತಾರೆ. ಅಲ್ಯೂಮಿನಿಯಂನದ್ದಾದರೆ 16 ಗ್ರೇನ್ ಆಸುಪಾಸು, ಹಿತ್ತಾಳೆಯದ್ದಾದರೆ 50, 75, 100 ಎಂದು ಏರುತ್ತದೆ. ಕೊನೆಯದಾಗಿ ಅಲಗು. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 100 ಅಥವಾ 125 ಗ್ರೇನ್. ಬೇಕೆಂದವರಿಗೆ 200ರ ಮೇಲೂ ಉಂಟು.

ಅಂಗಡಿಯವನು ಮೊದಲು ಕೊಟ್ಟಿದ್ದ ಜೋಡಣೆ ಅಲ್ಯೂಮಿನಿಯಂ ಇನ್ಸರ್ಟು, 100ರ ಅಲಗು. ಒಟ್ಟು 395 ಗ್ರೇನ್. ನೆರೆಯಾತ ಹಿತ್ತಾಳೆಯ 50ರ ಇನ್ಸರ್ಟು, 125ರ ಅಲಗು ಹಾಕಿ ಅದನ್ನು 454ಕ್ಕೆ ಏರಿಸಿದ್ದ. ವ್ಯತ್ಯಾಸ 59 ಗ್ರೇನ್, 3.8 ಗ್ರಾಂ. ನಮ್ಮಲ್ಲಿ 2011ರಿಂದ ಚಲಾವಣೆಗೆ ಬಂದ ಒಂದು ರೂಪಾಯಿ ನಾಣ್ಯ ಜೇಬಿನಲ್ಲಿದ್ದರೆ ತೆಗೆದು ಅಂಗೈಯಲ್ಲಿಟ್ಟು ನೋಡಿ. ಅಷ್ಟೇ ತೂಕ. ಒಂದು ರೂಪಾಯಿ ನಾಣ್ಯದ ತೂಕವನ್ನು ಬಾಣದ ಮೂತಿಗೆ ಸೇರಿಸಬೇಕೋ ಬೇಡವೋ ಎಂಬುದರ ಮೇಲೆ ಅಮೆರಿಕದ ಬಿಲ್ಲುಬೇಟೆಗಾರರು ದಶಕಗಳಿಂದ ವಾದಿಸುತ್ತಿದ್ದಾರೆ.

ಸೇರಿಸುವುದು ಬೇಡ ಎನ್ನುವವರ ಕಡೆ ಇರುವುದು ವೇಗ. 1969ರಲ್ಲಿ ಮಿಸೌರಿಯ ಹಾಲೆಸ್ ವಿಲ್ಬರ್ ಅಲೆನ್ ಎಂಬಾತನಿಗೆ ಕಾಂಪೌಂಡ್ ಬಿಲ್ಲಿನ ಪೇಟೆಂಟ್ ಸಿಕ್ಕಿತು. ಬಿಲ್ಲಿನ ತುದಿಗಳಲ್ಲಿ ಗಾಲಿಗಳು, ಅವುಗಳ ಮೇಲೆ ಹಾದುಹೋಗುವ ತಂತಿ. ಪೂರ್ತಿ ಎಳೆದಾಗ ಕೈಗೆ ಭಾರ ಕಡಿಮೆ, ಬಿಟ್ಟಾಗ ಬಾಣಕ್ಕೆ ಶಕ್ತಿ ಹೆಚ್ಚು. ಅಲ್ಲಿಂದ ಮುಂದೆ ಬಿಲ್ಲು ಮಾರುವವರಿಗೆ ಒಂದು ಅಂಕಿ ಸಿಕ್ಕಿಬಿಟ್ಟಿತು: ಸೆಕೆಂಡಿಗೆ ಎಷ್ಟು ಅಡಿ. ಪೆಟ್ಟಿಗೆಯ ಮೇಲೆ ಅಚ್ಚಾಗುವ ಆ ಅಂಕಿಯನ್ನು ಅಳೆಯುವುದು 70 ಪೌಂಡ್ ಎಳೆತದ ಬಿಲ್ಲನ್ನು 30 ಅಂಗುಲ ಎಳೆದು, ಕೇವಲ 350 ಗ್ರೇನ್‌ನ ಬಾಣ ಬಿಟ್ಟು. ಎಳೆತದ ಪ್ರತಿ ಪೌಂಡಿಗೆ ಐದು ಗ್ರೇನ್. ಅದಕ್ಕಿಂತ ಹಗುರಾದರೆ ಬಿಲ್ಲಿಗೇ ಅಪಾಯ. ಬಾಣ ಹೊತ್ತೊಯ್ಯಲಾರದ ಶಕ್ತಿ ಬಿಲ್ಲಿನ ರೆಕ್ಕೆಗಳಿಗೇ ಮರಳಿ ಅವು ಸೀಳಬಹುದು. ಅಂದರೆ ಜಾಹೀರಾತಿನ ವೇಗವನ್ನು ಅಳೆಯುವುದು ಬಿಲ್ಲು ಮುರಿಯದಿರಲು ಬೇಕಾದಷ್ಟೇ ತೂಕದ ಬಾಣದಿಂದ. ಆ ಅಂಕಿಗೆ ಮರುಳಾಗಿ ಅದೇ ತೂಕದ ಬಾಣವನ್ನು ಕಾಡಿಗೆ ಒಯ್ಯುವವರಿದ್ದಾರೆ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಹಗುರ ಬಾಣಕ್ಕೆ ಒಂದು ನಿಜವಾದ ಲಾಭ ಇದೆ, ಅದನ್ನು ಮರೆಮಾಚಬಾರದು. ಅದು ಕಡಿಮೆ ಬಾಗಿ ಹಾರುತ್ತದೆ. ನೆರೆಯಾತನ 395ರ ಬಾಣ ಸೆಕೆಂಡಿಗೆ ಸುಮಾರು 85 ಮೀಟರ್ ಹೋಗುತ್ತಿತ್ತು, 454ರದ್ದು ಸುಮಾರು 80. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದೆ. 20 ಗಜದಲ್ಲಿ ಎರಡರ ಇಳಿತದ ನಡುವೆ ಅಂತರ 3 ಸೆಂಟಿಮೀಟರ್, 40 ಗಜದಲ್ಲಿ 12. ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗ ಊಟದ ತಟ್ಟೆಯಷ್ಟು ಅಗಲ. 40 ಗಜದಲ್ಲಿ ದೂರದ ಅಂದಾಜು ತಪ್ಪಿದರೆ ಆ 12 ಸೆಂಟಿಮೀಟರ್ ದೊಡ್ಡದೇ. ಆದರೆ ಮರದ ಮೇಲಿನ ಅಟ್ಟಣೆಯಿಂದ ಕಾಡಿನೊಳಗೆ ಬಿಡುವ ಬಾಣಗಳಲ್ಲಿ ಹೆಚ್ಚಿನವು 20, 25 ಗಜದ ಒಳಗಿನವು. ಈಗ ಬೇಟೆಗಾರರ ಕುತ್ತಿಗೆಯಲ್ಲಿ ಲೇಸರ್ ದೂರಮಾಪಕ ಬೇರೆ ತೂಗುತ್ತಿರುತ್ತದೆ. ಗುಂಡಿ ಒತ್ತಿದರೆ ದೂರ ಎಷ್ಟೆಂದು ತಿಳಿಯುತ್ತದೆ. ಹಗುರ ಬಾಣದ ಪರವಾಗಿದ್ದ ದೊಡ್ಡ ವಾದವೇ ಇದರಿಂದ ಸಣ್ಣದಾಗಿದೆ.

ಇನ್ನೊಂದು ವಾದ ಬಿಳಿಬಾಲದ ಜಿಂಕೆಯ ಕಿವಿಯ ಬಗ್ಗೆ. ಹೆದೆ ಮಿಡಿದ ಸದ್ದಿಗೆ ಅದು ಓಡಲೆಂದು ಮೊದಲು ಕಾಲು ಮಡಚಿ ಕೆಳಗೆ ಕುಸಿಯುತ್ತದೆ. ಆ ಕ್ಷಣದಲ್ಲಿ ಬಂದ ಬಾಣ ಬೆನ್ನಿನ ಮೇಲೆ ಹಾರಿಹೋಗಬಹುದು, ಇಲ್ಲವೇ ಬೀಳಬಾರದ ಜಾಗಕ್ಕೆ ಬೀಳಬಹುದು. ಹಾಗಾಗಿ ಬಾಣ ಬೇಗ ತಲುಪಬೇಕು ಎನ್ನುತ್ತಾರೆ. ಲೆಕ್ಕ ಹಾಕಿ ನೋಡೋಣ. 30 ಗಜದಲ್ಲಿರುವ ಜಿಂಕೆಗೆ ಸದ್ದು ಮುಟ್ಟಲು 0.08 ಸೆಕೆಂಡ್. ಹಗುರ ಬಾಣ ಮುಟ್ಟಲು 0.32, ಭಾರದ ಬಾಣಕ್ಕೆ 0.34. ಯಾವ ಬಾಣವೂ ಸದ್ದನ್ನು ಹಿಂದಿಕ್ಕುವುದಿಲ್ಲ. ಉಳಿಯುವುದು ಒಂದು ಸೆಕೆಂಡಿನ ಐವತ್ತನೇ ಒಂದು ಭಾಗ. ಅದರ ಬದಲು ಸದ್ದನ್ನೇ ಕಡಿಮೆ ಮಾಡುವುದು ಜಾಣತನ, ಆ ಕೆಲಸ ಮಾಡುವುದು ಭಾರದ ಬಾಣವೇ. ಬಿಲ್ಲಿನ ಶಕ್ತಿಯನ್ನು ಹೆಚ್ಚಾಗಿ ತಾನೇ ಹೊತ್ತೊಯ್ದು ಕಂಪನಕ್ಕೆ ಕಡಿಮೆ ಬಿಟ್ಟುಹೋಗುತ್ತದೆ. ನೆರೆಯಾತ ಹಿತ್ತಲಲ್ಲಿ ಎರಡನ್ನೂ ಬಿಟ್ಟು ತೋರಿಸಿದ. ಹಗುರದ್ದಕ್ಕೆ ಚಟ್ಟೆಂಬ ಸದ್ದು, ಭಾರದ್ದಕ್ಕೆ ದಿಂಬಿಗೆ ಗುದ್ದಿದಂತೆ. ಕಣ್ಣು ಮುಚ್ಚಿಕೊಂಡಿದ್ದರೂ ಯಾವುದು ಯಾವುದೆಂದು ಹೇಳಬಹುದಿತ್ತು.

ಬಾಣ ಗುಂಡಿನಂತೆ ಕೊಲ್ಲುವುದಿಲ್ಲ. ಇದನ್ನು ಅರ್ಥ ಮಾಡಿಕೊಳ್ಳದವರಿಗೆ ತೂಕದ ಮಾತು ಅರ್ಥವಾಗುವುದೂ ಇಲ್ಲ. ಗುಂಡು ಅಂಗಾಂಶವನ್ನು ಸಿಡಿಸುತ್ತದೆ, ಬಾಣದ ಅಲಗು ಕೊಯ್ಯುತ್ತದೆ. ಸಾವು ಬರುವುದು ರಕ್ತ ಹರಿದು, ಇಲ್ಲವೇ ಎರಡೂ ಶ್ವಾಸಕೋಶ ಕುಸಿದು. ಅಲಗು ಒಂದು ಪಕ್ಕದಿಂದ ಹೊಕ್ಕು ಇನ್ನೊಂದು ಪಕ್ಕದಿಂದ ಹೊರಬಿದ್ದರೆ ಎರಡು ಗಾಯ. ಮೇಲಿನಿಂದ ಬಿಟ್ಟ ಬಾಣವಾದರೆ ಹೊರಗಾಯ ಕೆಳಗಿರುತ್ತದೆ, ನೆಲದ ಮೇಲೆ ರಕ್ತದ ಜಾಡು ಬೀಳುತ್ತದೆ, ಪ್ರಾಣಿ ಸಾಮಾನ್ಯವಾಗಿ ನೂರಿನ್ನೂರು ಗಜದೊಳಗೆ ಉರುಳುತ್ತದೆ. ಅಲಗು ಒಳಗೇ ನಿಂತರೆ? ಗಾಯ ಒಂದೇ. ಎತ್ತರದಲ್ಲಿ ಹೊಕ್ಕಿದ್ದರೆ ರಕ್ತ ಒಳಗೇ ತುಂಬಿಕೊಳ್ಳುತ್ತದೆ, ಜಾಡು ಸಿಗುವುದಿಲ್ಲ. ಜಿಂಕೆ ಕತ್ತಲಲ್ಲಿ ಎಲ್ಲೋ ಹೋಗಿ ಬೀಳುತ್ತದೆ. ಯಾರಿಗೂ ಸಿಗುವುದಿಲ್ಲ.

ನೆರೆಯಾತನಿಗೆ ಹಾಗೆ ಕಳೆದುಹೋದ ಜಿಂಕೆಯೊಂದಿತ್ತು. ಹಲವು ವರ್ಷದ ಹಿಂದಿನ ಮಾತು. ಹಗುರ ಬಾಣ, ಹೆಗಲಿನ ಮೂಳೆಗೆ ತಗುಲಿತ್ತು. ಮೂರು ಬೆರಳಿನಷ್ಟು ಹೊಕ್ಕು ನಿಂತಿತ್ತು. ರಾತ್ರಿಯೆಲ್ಲ, ಮರುದಿನ ಮಧ್ಯಾಹ್ನದವರೆಗೆ ಹುಡುಕಿದನಂತೆ. ಅದನ್ನು ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಶಾಫ್ಟನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದ. ತಕ್ಕಡಿ ಕೊಂಡದ್ದು ಆಮೇಲೆ.

ನನ್ನ ಹಳೆಯ ಕಪ್ಪುಹಲಗೆಯ ಪಾಠ ಇಲ್ಲಿ ಕೆಲಸಕ್ಕೆ ಬಂತು. ಒಂದೇ ಬಿಲ್ಲಿನಿಂದ ಹೊರಟ ಎರಡೂ ಬಾಣಗಳ ಚಲನಶಕ್ತಿ ಹೆಚ್ಚುಕಮ್ಮಿ ಒಂದೇ: 93 ಜೂಲ್, 94 ಜೂಲ್. ಬಿಲ್ಲು ಕೊಡುವುದೇ ಅಷ್ಟು. ಆದರೆ ಸಂವೇಗ, ಅಂದರೆ ತೂಕ ಗುಣಿಸು ವೇಗ, ಭಾರದ ಬಾಣಕ್ಕೆ ಶೇ 8ರಷ್ಟು ಹೆಚ್ಚು. ಎದುರಾದ ತಡೆಯನ್ನು ಎಷ್ಟು ಹೊತ್ತು ನೂಕಿಕೊಂಡು ಹೋಗಬಲ್ಲದು ಎಂಬುದನ್ನು ಹೇಳುವುದು ಸಂವೇಗ. ಇನ್ನೊಂದು ಮಾತು. ವೇಗ ಹೆಚ್ಚಿದಂತೆ ಗಾಳಿಯ ತಡೆಯೂ ಹೆಚ್ಚುತ್ತದೆ. ಹಗುರ ಬಾಣ ದಾರಿಯಲ್ಲಿ ತನ್ನ ವೇಗವನ್ನು ಬೇಗ ಕಳೆದುಕೊಳ್ಳುತ್ತದೆ, ಭಾರದ್ದು ಉಳಿಸಿಕೊಳ್ಳುತ್ತದೆ. ಗೋಡೆಗೆ ಪಿಂಗ್‌ಪಾಂಗ್ ಚೆಂಡನ್ನೂ ಕ್ರಿಕೆಟ್ ಚೆಂಡನ್ನೂ ಎಸೆದು ನೋಡಿದ ಯಾವ ಹುಡುಗನಿಗೂ ಇದು ಗೊತ್ತು.

ಒಟ್ಟು ತೂಕ ಅರ್ಧ ಕಥೆ ಮಾತ್ರ. ಆ ತೂಕ ಎಲ್ಲಿ ಕುಳಿತಿದೆ ಎಂಬುದು ಉಳಿದರ್ಧ, ನನ್ನನ್ನು ಹೆಚ್ಚು ಹಿಡಿದಿಟ್ಟದ್ದೂ ಅದೇ. ಬಾಣವನ್ನು ಬೆರಳ ಮೇಲೆ ಅಡ್ಡಲಾಗಿ ಇಟ್ಟು ಸಮತೂಕ ನಿಲ್ಲುವ ಜಾಗ ಗುರುತು ಮಾಡಿ. ಅದು ಬಾಣದ ನಟ್ಟನಡುವಿಗಿಂತ ಎಷ್ಟು ಮುಂದಿದೆ ಎಂದು ಅಳೆದು, ಉದ್ದದಿಂದ ಭಾಗಿಸಿ ಶೇಕಡಾವಾರು ಮಾಡಿದರೆ ಬರುವ ಅಂಕಿಗೆ ಅವರು ಎಫ್‌ಒಸಿ ಎನ್ನುತ್ತಾರೆ. ಮುಂಭಾರ ಅನ್ನಬಹುದು. ಬೇಟೆಯ ಬಾಣಕ್ಕೆ 10ರಿಂದ 15 ಸಾಕು ಎನ್ನುವುದು ರೂಢಿಯ ಮಾತು. ಅಂಗಡಿಯ 395ರ ಬಾಣಕ್ಕೆ ಅದು 12ರ ಸುಮಾರು ಇತ್ತು. ಮೂತಿಗೆ ಒಂದು ರೂಪಾಯಿ ತೂಕ ಸೇರಿದ ಮೇಲೆ 17. ಅದೇ 59 ಗ್ರೇನನ್ನು ಮೂತಿಗೆ ಹಾಕದೆ ದಪ್ಪ ಶಾಫ್ಟ್ ಕೊಂಡು ಮೈತುಂಬ ಹಂಚಿದ್ದರೆ? ಒಟ್ಟು ತೂಕ ಅದೇ 454 ಬರುತ್ತಿತ್ತು, ಮುಂಭಾರ ಮಾತ್ರ 11ಕ್ಕೆ ಇಳಿಯುತ್ತಿತ್ತು. ತಕ್ಕಡಿಗೆ ಎರಡೂ ಒಂದೇ, ಗಾಳಿಗೆ ಒಂದೇ ಅಲ್ಲ. ತಲೆ ಭಾರದ ಬಾಣವನ್ನು ಮುಂದಿನ ತೂಕ ಎಳೆದುಕೊಂಡು ಹೋಗುತ್ತದೆ, ಹಿಂದಿನ ಗರಿಗಳಿಗೆ ತಿದ್ದಲು ಉದ್ದನೆಯ ಸನ್ನೆ ಸಿಗುತ್ತದೆ.

ಬಾಲದ ಕಡೆ ಒಂದೊಂದು ಗ್ರೇನೂ ದುಬಾರಿ. ಬಾಣ ಎಲ್ಲಿ ಬಿತ್ತೆಂದು ಕತ್ತಲಲ್ಲಿ ಕಾಣಲಿ ಎಂದು ಈಗ ದೀಪ ಉರಿಯುವ ನಾಕ್ ಬಂದಿದೆ. 9 ಗ್ರೇನ್ ಇದ್ದಲ್ಲಿ 25. ಅಂಗಡಿಯ ಬಾಣಕ್ಕೆ ಅದನ್ನು ಹಾಕಿ ಲೆಕ್ಕ ಮಾಡಿದೆ. 12 ಇದ್ದ ಮುಂಭಾರ 10ಕ್ಕಿಂತ ಕೆಳಗೆ ಹೋಯಿತು. ಬಾಲಕ್ಕೆ ಬಿದ್ದ ಒಂದು ಗ್ರಾಂ ಅಷ್ಟು ಮಾಡಿತು.

ಇದೇನೂ ಹೊಸ ಜ್ಞಾನವಲ್ಲ. 1911ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಊರಿನ ಅಂಚಿಗೆ ಹಸಿದು ಬಂದ ಒಬ್ಬ ಮನುಷ್ಯ ಯಾಹಿ ಎಂಬ ಬುಡಕಟ್ಟಿನ ಕೊನೆಯವನು. ಅವನನ್ನು ಇಶಿ ಎಂದು ಕರೆದರು. ಅವನ ಭಾಷೆಯಲ್ಲಿ ಅದಕ್ಕೆ ಮನುಷ್ಯ ಎಂದಷ್ಟೇ ಅರ್ಥ. ಸ್ಯಾನ್‌ಫ್ರಾನ್ಸಿಸ್ಕೊದ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿ ಅವನು ಬದುಕಿದ್ದು ನಾಲ್ಕೂವರೆ ವರ್ಷ, 1916ರ ಮಾರ್ಚ್‌ನಲ್ಲಿ ಕ್ಷಯದಿಂದ ತೀರಿಕೊಂಡ. ಪಕ್ಕದ ಆಸ್ಪತ್ರೆಯ ವೈದ್ಯ ಸ್ಯಾಕ್ಸ್‌ಟನ್ ಪೋಪ್ ಅವನಿಂದ ಬಿಲ್ಲು ಬಾಣ ಕಲಿತು, 1923ರಲ್ಲಿ ಅದರ ಬಗ್ಗೆ ಪುಸ್ತಕ ಬರೆದ. ಅಮೆರಿಕದ ಇಂದಿನ ಬಿಲ್ಲುಬೇಟೆ ಮೊಳೆತದ್ದು ಬಹುಮಟ್ಟಿಗೆ ಆ ಪುಸ್ತಕದಿಂದ. ಇಶಿಯ ಬಾಣಗಳಲ್ಲಿ ಹಲವಕ್ಕೆ ಹಗುರ ಕಡ್ಡಿಯ ಮುಂದೆ ಗಟ್ಟಿ, ಭಾರದ ಮರದ ಮೂತಿಯೊಂದನ್ನು ನರದಿಂದ ಬಿಗಿದು ಸೇರಿಸಲಾಗಿರುತ್ತಿತ್ತು. ನೆರೆಯಾತ ಹಿತ್ತಾಳೆಯಿಂದ ಮಾಡಿದ್ದನ್ನೇ ಇಶಿ ಮರದಿಂದ ಮಾಡಿದ್ದ. ತನ್ನ ಜನರೆಲ್ಲ ಅಳಿದುಹೋದ ಮೇಲೂ ಈ ಒಂದು ತಿಳಿವನ್ನು ಅವನು ಕೈಯಲ್ಲಿ ಉಳಿಸಿಕೊಂಡು ಬಂದಿದ್ದ ಎಂದು ನೆನೆದಾಗ ಮಾತು ಹೊರಡುವುದಿಲ್ಲ.

ಹಾಗಾದರೆ ಮೂತಿಗೆ ತುಂಬುತ್ತ ಹೋಗಬಹುದೇ? ಇಲ್ಲ. ಬಾಣ ನಾವು ಅಂದುಕೊಂಡಂತೆ ಕೋಲಿನ ಹಾಗೆ ನೆಟ್ಟಗೆ ಹೋಗುವುದಿಲ್ಲ, ಮೀನಿನ ಹಾಗೆ ಬಳುಕುತ್ತ ಹೋಗುತ್ತದೆ. ಹೆದೆ ಹಿಂದಿನಿಂದ ನೂಕುತ್ತದೆ, ಮೂತಿಯ ಭಾರ ಮುಂದೆ ತಡೆಯುತ್ತದೆ, ನಡುವೆ ಸಿಕ್ಕ ಮೈ ಬಾಗುತ್ತದೆ. 1930ರ ದಶಕದಲ್ಲಿ ಕ್ಲಾರೆನ್ಸ್ ಹಿಕ್‌ಮನ್ ಎಂಬ ವಿಜ್ಞಾನಿ ಅತಿವೇಗದ ಕ್ಯಾಮೆರಾದಲ್ಲಿ ಈ ಬಳುಕನ್ನು ಹಿಡಿದು ತೋರಿಸಿದ. ಶಾಫ್ಟಿನ ಬಿಗುವನ್ನು ಸ್ಪೈನ್ ಎನ್ನುತ್ತಾರೆ. 28 ಅಂಗುಲದ ಅಂತರದಲ್ಲಿ ಎರಡು ಆಸರೆಗಳ ಮೇಲೆ ಶಾಫ್ಟ್ ಇಟ್ಟು, ನಡುವೆ 880 ಗ್ರಾಂ ತೂಗುಹಾಕಿದಾಗ ಎಷ್ಟು ಬಗ್ಗಿತೆಂಬುದೇ ಅಳತೆ. ಅರ್ಧ ಅಂಗುಲ ಬಗ್ಗಿದರೆ 500, ಅದಕ್ಕಿಂತ ಗಟ್ಟಿಯಾದದ್ದು 400, ಇನ್ನೂ ಗಟ್ಟಿಯಾದದ್ದು 340, 300. ಅಂಕಿ ಇಳಿದಂತೆ ಬಿಗುವು ಏರುತ್ತದೆ. ಮೂತಿಗೆ ತೂಕ ಸೇರಿಸಿದಾಗಲೆಲ್ಲ ಅದೇ ಶಾಫ್ಟ್ ಹೆಚ್ಚು ಬಾಗುತ್ತದೆ, ಮೆತ್ತಗಾದಂತೆ ವರ್ತಿಸುತ್ತದೆ.

ಹಿತ್ತಾಳೆಯ ಇನ್ಸರ್ಟ್ ತಂದ ಮೊದಲ ದಿನ ನೆರೆಯಾತ ಇದನ್ನು ಮರೆತಿದ್ದ. ಚೌಕಟ್ಟಿಗೆ ಬಿಗಿದ ಕಾಗದದ ಮೂಲಕ ಆರು ಹೆಜ್ಜೆ ದೂರದಿಂದ ಬಾಣ ಬಿಟ್ಟ. ಸರಿ ಹಾರಿದ ಬಾಣ ಕಾಗದದಲ್ಲಿ ದುಂಡನೆಯ ತೂತನ್ನೂ ಮೂರು ಗರಿಗಳ ಗೆರೆಯನ್ನೂ ಬಿಡಬೇಕು. ಇಲ್ಲಿ ಎರಡು ಅಂಗುಲದ ಅಡ್ಡ ಸೀಳು ಬಿತ್ತು. ಬಾಣ ಓರೆಯಾಗಿ ಹೋಗಿತ್ತು. ಓರೆಯಾಗಿ ಬಡಿದ ಬಾಣದ ಶಕ್ತಿ ಅಲಗಿನ ಹಿಂದೆ ನಿಲ್ಲುವುದಿಲ್ಲ, ಮೈ ಅದುರುವುದರಲ್ಲೇ ಕಳೆದುಹೋಗುತ್ತದೆ. ಅಲಗಿನ ಅಗಲ ರೆಕ್ಕೆಗಳು ಗಾಳಿಗೆ ಸಿಕ್ಕಿ ಗುರಿಯೂ ತಪ್ಪುತ್ತದೆ. ಅವನು 400ರ ಶಾಫ್ಟ್ ಬಿಟ್ಟು ಅದೇ ತೂಕಕ್ಕೆ ಸಿಗುವ 340ರದ್ದನ್ನು ತಂದ. ಸೀಳು ಮುಚ್ಚಿತು. ತೂಕ ಸೇರಿಸಿ ಬಿಗುವು ಬದಲಿಸದವನಿಗಿಂತ, ಅಂಗಡಿಯವನು ಕೊಟ್ಟ ಬಾಣವನ್ನೇ ನೆಟ್ಟಗೆ ಹಾರುವಂತೆ ಹೊಂದಿಸಿಕೊಂಡವನು ಎಷ್ಟೋ ಮೇಲು.

ಈ ವಿಷಯದಲ್ಲಿ ಎಲ್ಲರೂ ತೆಗೆದುಕೊಳ್ಳುವ ಹೆಸರು ಎಡ್ ಆಶ್ಬಿ. 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ನಟಾಲ್‌ನಲ್ಲಿ, ಆಮೇಲೆ ಆಸ್ಟ್ರೇಲಿಯಾದ ಕಾಡೆಮ್ಮೆಗಳ ಮೇಲೆ, ಬಾಣ ಎಷ್ಟು ಆಳ ಹೊಕ್ಕಿತು, ಯಾವುದು ಮೂಳೆ ದಾಟಿತು, ಯಾವುದು ನಿಂತಿತು ಎಂದು ವರ್ಷಗಟ್ಟಲೆ ದಾಖಲಿಸಿದವರು. ಭಾರದ ಮೂಳೆ ಒಡೆಯಲು ಬಾಣ ಸುಮಾರು 650 ಗ್ರೇನ್ ಇರಬೇಕು ಎಂಬುದು ಅವರ ಪ್ರಸಿದ್ಧ ಮಾತು. ಮೂರೂವರೆ ತೊಲಕ್ಕೂ ಮೇಲೆ. ಈ 650ನ್ನೇ ಮಂತ್ರದಂತೆ ಹಿಡಿದು ಜಿಂಕೆಗೂ ಅಷ್ಟೇ ಬೇಕು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅರವತ್ತು ಎಪ್ಪತ್ತು ಕೆ.ಜಿ.ಯ ಜಿಂಕೆಯ ಪಕ್ಕೆಲುಬು ಕಾಡೆಮ್ಮೆಯ ಪಕ್ಕೆಲುಬಲ್ಲ. ಆದರೆ ಆಶ್ಬಿಯವರ ಪಟ್ಟಿಯಲ್ಲಿ ಮೊದಲೆರಡು ಸ್ಥಾನ ತೂಕಕ್ಕಿಲ್ಲ ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ. ಬಾಣವೂ ಅಲಗೂ ಮುರಿಯದೆ ಉಳಿಯಬೇಕು ಎಂಬುದು ಮೊದಲನೆಯದು, ನೆಟ್ಟಗೆ ಹಾರಬೇಕು ಎಂಬುದು ಎರಡನೆಯದು. ಜಿಂಕೆಗೆ ಎರಡೂವರೆ ತೊಲದ ಆಸುಪಾಸು, ಮುಂಭಾರ 15ರ ಮೇಲೆ, ಕೂದಲು ಬೋಳಿಸುವಷ್ಟು ಹರಿತ ಅಲಗು. ಇದು ನನ್ನ ತೀರ್ಮಾನ. ಎಳೆತ ಕಡಿಮೆ ಇರುವ ಹೆಂಗಸರು, ಎಳೆಯರು ಅಗಲವಾದ, ತಗುಲಿದಾಗ ಬಿಚ್ಚಿಕೊಳ್ಳುವ ಅಲಗುಗಳ ಗೋಜಿಗೆ ಹೋಗಲೇಬಾರದು. ಬಿಚ್ಚಿಕೊಳ್ಳಲೂ ಶಕ್ತಿ ಬೇಕು, ಅಗಲಕ್ಕೆ ಕೊಯ್ಯಲೂ ಶಕ್ತಿ ಬೇಕು, ಅಷ್ಟು ಶಕ್ತಿ ಅವರ ಬಾಣದಲ್ಲಿರುವುದಿಲ್ಲ.

ವಿಸ್ಕಾನ್ಸಿನ್ನಿನ ಕಾನೂನು ಜಿಂಕೆ ಬೇಟೆಗೆ ಬಿಲ್ಲಿನ ಎಳೆತ 30 ಪೌಂಡಿಗೆ ಕಡಿಮೆ ಇರಬಾರದು, ಅಲಗು ಮುಕ್ಕಾಲು ಅಂಗುಲಕ್ಕಿಂತ ತುಸು ಹೆಚ್ಚು ಅಗಲವಿರಬೇಕು, ಹರಿತವಿರಬೇಕು ಎನ್ನುತ್ತದೆ. ಬಾಣದ ತೂಕ ಬೇಟೆಗಾರನ ಮನಸ್ಸಾಕ್ಷಿಗೆ ಬಿಟ್ಟದ್ದು. ಬಿಲ್ಲಿಗೆಂದೇ ಜಿಂಕೆ ಬೇಟೆಯ ಋತುವನ್ನು ಅಮೆರಿಕದಲ್ಲಿ ಮೊದಲು ತೆರೆದದ್ದೂ ಇದೇ ರಾಜ್ಯ, 1934ರಲ್ಲಿ, ಸಾಕ್ ಮತ್ತು ಕೊಲಂಬಿಯಾ ಕೌಂಟಿಗಳಲ್ಲಿ. ಪರಿಸರ ಚಿಂತನೆಯ ಹಿರಿಯ ಆಲ್ಡೊ ಲಿಯೊಪೋಲ್ಡ್ ಬದುಕಿದ್ದೂ ಇಲ್ಲೇ. ಅವರು ತಮ್ಮ ಬಿಲ್ಲು ಬಾಣಗಳನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಪತ್ನಿ ಎಸ್ಟೆಲಾ ಬಿಲ್ವಿದ್ಯೆಯಲ್ಲಿ ರಾಜ್ಯದ ಚಾಂಪಿಯನ್.

1972ರಲ್ಲಿ ಎರಡು ದೇಶಗಳು ಎರಡು ದಾರಿ ಹಿಡಿದವು. ಭಾರತ ವನ್ಯಜೀವಿ ಸಂರಕ್ಷಣಾ ಕಾಯ್ದೆ ತಂದು ಬೇಟೆಯ ಬಾಗಿಲು ಮುಚ್ಚತೊಡಗಿತು. ಈಗ ಬಂದೂಕಾದರೂ ಬಿಲ್ಲಾದರೂ ಜಿಂಕೆ ಕೊಂದರೆ ಅಪರಾಧವೇ. ಅಮೆರಿಕ ಅದೇ ವರ್ಷ, ಬಂದೂಕು ಗುಂಡುಗಳ ಮೇಲೆ ಮೊದಲೇ ಇದ್ದ ತೆರಿಗೆಯನ್ನು ಬಿಲ್ಲು ಬಾಣಗಳಿಗೂ ವಿಸ್ತರಿಸಿ, ಆ ಹಣವನ್ನು ವನ್ಯಜೀವಿ ಕೆಲಸಕ್ಕೆ ಮೀಸಲಿಟ್ಟಿತು. ನಮ್ಮ ಕಾಡು, ನಮ್ಮ ಜನಸಂದಣಿ ನೋಡಿದರೆ ನಮ್ಮ ದಾರಿಯೇ ನಮಗೆ ಸರಿ ಎಂದು ನಂಬಿದವನು ನಾನು. ತೋಳಗಳು ಹಿಂದೆಯೇ ಬಹುಪಾಲು ಇಲ್ಲವಾಗಿ, ಜೋಳದ ಹೊಲಗಳ ನಡುವೆ ಜಿಂಕೆ ಮಿತಿಮೀರಿ ಬೆಳೆದ ನಾಡಿನ ಲೆಕ್ಕ ಬೇರೆ ಎಂಬುದನ್ನೂ ಅಲ್ಲಿ ನೋಡಿ ಬಂದೆ.

ಅಮೆರಿಕದಲ್ಲಿ ನೆಲೆಸಿದ ಕನ್ನಡದ ಮಕ್ಕಳಲ್ಲಿ ಯಾರಾದರೂ ಸಹೋದ್ಯೋಗಿಗಳ ಜೊತೆ ಸೆಪ್ಟೆಂಬರಿನಲ್ಲಿ ಬಿಲ್ಲಿನ ಪರವಾನಗಿ ಪಡೆಯಲು ಹೊರಟಿದ್ದರೆ ಅವರಲ್ಲಿ ನನ್ನದೊಂದು ಕೋರಿಕೆ. ಬಿಲ್ಲಿನ ಪೆಟ್ಟಿಗೆಯ ಮೇಲಿನ ವೇಗ ಓದುವ ಮೊದಲು ಗ್ರೇನ್ ತೋರಿಸುವ ಒಂದು ತಕ್ಕಡಿ ಕೊಳ್ಳಿ. ಪ್ರತಿಯೊಂದು ಬಾಣವನ್ನೂ ತೂಗಿ, ಪ್ರತಿಯೊಂದನ್ನೂ ಕಾಗದದ ಮೂಲಕ ಬಿಟ್ಟು ನೋಡಿ, ಓರೆಯಾದದ್ದನ್ನು ಕಾಡಿಗೆ ಒಯ್ಯಬೇಡಿ. ನೆರೆಯಾತ ಆ ಋತುವಿಗೆ ಕಟ್ಟಿದ ಹನ್ನೆರಡು ಬಾಣಗಳಲ್ಲಿ ಒಂಬತ್ತು ಮಾತ್ರ ಬತ್ತಳಿಕೆಗೆ ಹೋದವು. ಉಳಿದ ಮೂರನ್ನು ಅವನು ಹಿತ್ತಲಿನ ಅಭ್ಯಾಸಕ್ಕೆ ತೆಗೆದಿಟ್ಟ.